‘ಪಾಂಡರಸ್’ ಮಳೆಗೆ ರಜೆ

‘30 ದಿನದಲ್ಲಿ 1000 ಅಡ್ವಾನ್ಸ್ಡ್ ಇಂಗ್ಲಿಷ್ ಶಬ್ದ! ಪ್ಲಸ್ ಟು, ಡಿಗ್ರಿಯವರಿಗೆ ಮಾತ್ರ.’ ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿನಿಂದ ಹೊಸಂಗಡಿವರೆಗೆ ಇಂಥ ಕೋಚಿಂಗ್ ಸೆಂಟರ್ ಬೋರ್ಡುಗಳದ್ದೇ ತೋರಣ. ದಿನಕ್ಕೆ 33 ಶಬ್ದ. ಉಳಿದ ಹತ್ತು ಸಮಾರೋಪಕ್ಕೆ.

ಅವರು ಹಂಚುವ ಜೆರಾಕ್ಸ್ ಹಾಳೆಯನ್ನು ನೋಡಬೇಕು. ಎಡಗಡೆ ಇಂಗ್ಲಿಷ್, ಬಲಗಡೆ ಮಲಯಾಳದಲ್ಲಿ ಅರ್ಥ. ಕನ್ನಡ ಮಾಧ್ಯಮದ ಹುಡುಗಿ ಆ ಅರ್ಥಕ್ಕೆ ಅರ್ಥವೇನೆಂದು ಪಕ್ಕದ ಬೆಂಚಿನವಳನ್ನು ಕೇಳಿ, ಅಂಚಿನಲ್ಲಿ ಮೂರನೇ ಕಾಲಮ್ಮು ಗೀರಿ, ಪೆನ್ಸಿಲಿನಲ್ಲಿ ಕನ್ನಡ ಬರೆದುಕೊಳ್ಳುತ್ತಾಳೆ. ಮನೆಗೆ ಹೋದರೆ ತುಳು. ಒಂದು ಫೀಸಿಗೆ ಎರಡು ಭಾಷೆ, ಲಾಭವೇ ಎನ್ನಿ. ಕನ್ನಡ ಶಾಲೆಗೇ ಕನ್ನಡ ಬಾರದ ಮೇಷ್ಟ್ರನ್ನು ಕಳಿಸುವ ಊರಲ್ಲಿ ಜೆರಾಕ್ಸಿನ ದೂರು ಕೇಳುವವರು ಯಾರು?

ಪಟ್ಟಿಯೋ ಅಕಾರಾದಿ. ಅಬೇಟ್, ಅಬ್ಹಾರ್, ಅಬ್ಜೂರ್, ಅಬ್‌ಸ್ಕಾಂಡ್, ಅಬ್‌ಸ್ಟೇನ್: ಎಲ್ಲ ಒಂದೇ ದಿನ. ರೂಪದಲ್ಲಿ ಹತ್ತಿರದವನ್ನು ಒಟ್ಟಿಗೆ ಉರು ಹೊಡೆದರೆ ಒಂದರ ಅರ್ಥ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ‘ಡಿ’ ದಾಟುವಷ್ಟರಲ್ಲಿ ‘ಎ’ ಖಾಲಿ. ಪರಿಹಾರ ಅವರ ಬಳಿಯೇ ಇದೆ, ರಿವಿಷನ್ ಬ್ಯಾಚು, ಫೀಸು ಬೇರೆ.

2018ರಲ್ಲಿ ತಿರುವನಂತಪುರದ ಸಂಸದ ಶಶಿ ತರೂರ್ ತಮ್ಮ ಹೊಸ ಪುಸ್ತಕದ ಬಗ್ಗೆ ಟ್ವೀಟಿಸುತ್ತ ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್’ ಎಂಬ 29 ಅಕ್ಷರದ ಶಬ್ದ ಬಿಟ್ಟರು. ಅವರದು ತಮಾಷೆ, ಇಲ್ಲಿ ಅದೇ ಸಿಲೆಬಸ್. ಅದನ್ನು ಒಂದೇ ಉಸಿರಿಗೆ ಒದರುವ ಹುಡುಗ ಪಠ್ಯದಲ್ಲಿ ‘ವೇರ್‌ಆ್ಯಸ್’ ಕಂಡೊಡನೆ ಬ್ರೇಕು ಹಾಕುತ್ತಾನೆ.

ಇನ್ನು ಸಮಾನಾರ್ಥಕಗಳ ಅವಾಂತರ. ಪಟ್ಟಿಯ ಪ್ರಕಾರ ‘ಹೆವಿ’ ಎಂದರೆ ‘ಪಾಂಡರಸ್’. ಸರಿ, ಜೂನಿನ ರಜಾ ಅರ್ಜಿ ತಯಾರು: ‘ಡ್ಯೂ ಟು ಪಾಂಡರಸ್ ರೈನ್, ಐ ಬಿಸೀಚ್ ಯುವರ್ ಮ್ಯಾಗ್ನಾನಿಮಿಟಿ.’ ಯಾವ ಶಬ್ದ ಯಾವುದರ ಪಕ್ಕ ಕೂರುತ್ತದೆ ಎಂದು ತಿಳಿಯಲು ವಾಕ್ಯ ಬೇಕು. ವಾಕ್ಯಕ್ಕೆ ಜಾಗ ಕೊಟ್ಟರೆ ಹಾಳೆಯಲ್ಲಿ ಸಾವಿರ ಹಿಡಿಯಬೇಡವೇ!

ಬೇಕಾದ ಪಟ್ಟಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಬಿದ್ದಿದೆ. ನ್ಯೂಜಿಲೆಂಡಿನ ಭಾಷಾತಜ್ಞೆ ಏವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟಿನಲ್ಲಿ ಇರುವುದು 570 ಶಬ್ದಕುಟುಂಬ (ಒಂದು ಮೂಲಶಬ್ದ, ಜೊತೆಗೆ ಅದರಿಂದ ಹುಟ್ಟಿದ ರೂಪಗಳು): ಅನಲೈಸ್, ಡಿರೈವ್, ಸಿಗ್ನಿಫಿಕೆಂಟ್, ಆ ‘ವೇರ್‌ಆ್ಯಸ್’ ಕೂಡ. ಕಾಲೇಜು ಪಠ್ಯದಲ್ಲಿ ಹೆಚ್ಚುಕಮ್ಮಿ ಹತ್ತಕ್ಕೊಂದು ಶಬ್ದ ಇದರದ್ದೇ. ದಿನಕ್ಕೆ ಎಂಟು, ಪಾಠದಲ್ಲಿ ಸಿಕ್ಕ ವಾಕ್ಯದ ಸಮೇತ ಬರೆದುಕೊಂಡು, ಮರುದಿನ, ಮೂರನೇ ದಿನ, ವಾರಕ್ಕೆ, ತಿಂಗಳಿಗೆ ಅರ್ಥ ಮುಚ್ಚಿ ನೆನಪಿಸಿಕೊಂಡರೆ ಎರಡೂವರೆ ತಿಂಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಆದರೆ ‘ಎರಡೂವರೆ ತಿಂಗಳು, ಬರೇ 570 ಶಬ್ದ, ಪುಕ್ಕಟೆ’ ಎಂದು ಬೋರ್ಡು ಹಾಕಿದರೆ ಉಪ್ಪಳದಲ್ಲಿ ಬಸ್ಸಿಳಿದು ಯಾರು ಬರುತ್ತಾರೆ, ಮಾರಾಯ್ರೇ?