ರೋಮ್ ಒಂದು ಸಲ, ರೋಮ್ ಎರಡು ಸಲ...

ಕ್ರಿ.ಶ. 193ರ ಮಾರ್ಚ್ 28ರಂದು ರೋಮ್ ನಗರದಲ್ಲಿ ನಡೆದ ಹರಾಜನ್ನು ಕಂಡರೆ ಇತಿಹಾಸಕಾರರು ಮೂಗು ಮುರಿಯುತ್ತಾರೆ. ಏಕೋ ತಿಳಿಯದು. ಒಳಸಂಚಿಲ್ಲದೆ, ವಿಷಪ್ರಾಶನವಿಲ್ಲದೆ, ಹಾಡಹಗಲೇ ಬೆಲೆ ಕೂಗಿ ಪಟ್ಟ ಕೊಟ್ಟ ಪಾರದರ್ಶಕತೆಯನ್ನು ಮೆಚ್ಚಬೇಡವೇ?

ಹರಾಜಿನ ಚಟ ಹತ್ತಿಸಿದವನು ಚಕ್ರವರ್ತಿ ಪರ್ಟಿನ್ಯಾಕ್ಸ್. ಖಜಾನೆ ಬರಿದಾಗಿತ್ತು, ಅರಮನೆಯ ಕಾವಲು ಪಡೆಗೆ ತಲಾ 12,000 ಸೆಸ್ಟರ್ಸ್ (ರೋಮನ್ ನಾಣ್ಯ) ಕೊಡುವ ಮಾತಾಗಿತ್ತು. ಹಾಗಾಗಿ ಹಿಂದಿನ ದೊರೆ ಕೊಮೊಡಸನ ವೈಭವದ ಸಾಮಾನನ್ನೆಲ್ಲ ಹರಾಜಿಗಿಟ್ಟ. ಅಲ್ಲಿಗೇ ನಿಲ್ಲಿಸದೆ ಪಡೆಗೆ ಶಿಸ್ತು ಕಲಿಸಲೂ ಹೊರಟ. ಕಾವಲುಗಾರರು 87 ದಿನಕ್ಕೇ ಅವನನ್ನು ಕೊಂದರು. ಅರಮನೆಯ ಸಾಮಾನು ಮಾರಬಹುದಾದರೆ ಅರಮನೆಯನ್ನೇಕೆ ಮಾರಬಾರದು?

ಸವಾಲಿಗೆ ಇಬ್ಬರು ನಿಂತರು. ಕಾವಲು ಪಡೆಯ ಪಾಳೆಯದ ಒಳಗಿದ್ದವನು ಸುಲ್ಪಿಸಿಯಾನಸ್, ಸತ್ತವನ ಮಾವ. ಅಳಿಯನ ಸೂತಕವನ್ನು ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡಿರಬೇಕು. ಗೋಡೆಯ ಹೊರಗೆ ಸಿರಿವಂತ ಸೆನೆಟರ್ ಡಿಡಿಯಸ್ ಜೂಲಿಯಾನಸ್. ಅವರು ಇಷ್ಟು ಕೊಡುತ್ತಾರಂತೆ, ನೀವೆಷ್ಟು ಸೇರಿಸುತ್ತೀರಿ ಎಂದು ಸೈನಿಕರು ಅತ್ತಿಂದಿತ್ತ ಸುದ್ದಿ ಒಯ್ದರು. ಮಾವ ತಲಾ 20,000ಕ್ಕೆ ಬಂದ. ಜೂಲಿಯಾನಸ್ ಗಂಟಲು ಹರಿಯುವಂತೆ ಕೂಗಿ, ಬೆರಳೆತ್ತಿ ತೋರಿಸಿ, ಒಮ್ಮೆಲೇ 5,000 ಏರಿಸಿದ. ಬ್ರಿಟನ್ನಿನಿಂದ ಈಜಿಪ್ಟಿನವರೆಗಿನ ಭೂಮಿ ತಲಾ 25,000ಕ್ಕೆ ಕೈಬದಲಾಯಿತು. ಸರಕು ಮಾರಿದವರದೂ ಆಗಿರಲಿಲ್ಲ ಎಂಬುದು ಸಣ್ಣ ತಾಂತ್ರಿಕ ದೋಷ.

ಸೆನೆಟ್ ಅಂದೇ ಸಂಜೆ ಸೇರಿತು. ನಡುಗುತ್ತಲೇ ಹೋಗಿ, ಆಯುಧಧಾರಿಗಳ ನಡುವೆ ನುಸುಳಿ ಕುಳಿತೆವು ಎಂದು ಆ ಸದನದ ಸದಸ್ಯನೇ ಆಗಿದ್ದ ಇತಿಹಾಸಕಾರ ಕ್ಯಾಸಿಯಸ್ ಡಿಯೊ ಬರೆದಿಟ್ಟಿದ್ದಾನೆ. ನಿಮಗೊಬ್ಬ ಒಡೆಯ ಬೇಕು, ನನಗಿಂತ ಯೋಗ್ಯನಿಲ್ಲ ಎಂದು ಜೂಲಿಯಾನಸ್ ವಿನಯದಿಂದ ಅರಿಕೆ ಮಾಡಿಕೊಂಡ. ಸದನ ಒಪ್ಪಿತು.

ಎಡವಟ್ಟು ಮಾಡಿದವರು ಜನಸಾಮಾನ್ಯರು. ಮರುದಿನ ಸಾಮ್ರಾಜ್ಯಗಳ್ಳ ಎಂದು ಬೈದರು. ಹಣ ಹಂಚುತ್ತೇನೆಂದರೆ ಬೇಡವೇ ಬೇಡ ಎಂದು ಕೂಗಿದರು. ಬಿಟ್ಟಿ ಹಣವನ್ನು ಒಲ್ಲೆನೆಂದ ಇಂಥ ಪ್ರಜೆಗಳೊಡನೆ ಯಾವ ದೊರೆ ತಾನೇ ಏಗಿಯಾನು!

ಅಷ್ಟರಲ್ಲಿ ಡ್ಯಾನ್ಯೂಬ್ ನದಿಯ ಗಡಿಯಿಂದ ಅಲ್ಲಿನ ದಂಡನಾಯಕ ಸೆಪ್ಟಿಮಿಯಸ್ ಸೆವೆರಸ್ ದಂಡು ಕಟ್ಟಿಕೊಂಡು ಹೊರಟ. ಅವನ ಪಡೆಗೆ ಹರಾಜಿನ ನಿಯಮಗಳು ಗೊತ್ತಿರಲಿಲ್ಲ. ಇತ್ತ ಕಾವಲುಗಾರರಿಗೆ ಕಂದಕ ತೋಡಲು ಬರಲಿಲ್ಲ. ಯುದ್ಧಕ್ಕೆಂದು ತಂದ ಆನೆಗಳು ಬೆನ್ನಿಗೆ ಕಟ್ಟಿದ ಅಂಬಾರಿಗಳನ್ನು ಕೆಡವಿದವು. ಆನೆಗಳಿಗಾದರೂ ಯಾರೂ ಹಣ ಕೊಟ್ಟಿರಲಿಲ್ಲವಲ್ಲ.

ಜೂನ್ ಆರಂಭದಲ್ಲಿ ಅದೇ ಸೆನೆಟ್ ಮತ್ತೆ ಸೇರಿ ಮೂರು ನಿರ್ಣಯ ಕೈಗೊಂಡಿತು: ಜೂಲಿಯಾನಸನಿಗೆ ಮರಣದಂಡನೆ, ಸೆವೆರಸನಿಗೆ ಸಿಂಹಾಸನ, ಸತ್ತ ಪರ್ಟಿನ್ಯಾಕ್ಸನಿಗೆ ದೇವರ ಪದವಿ. ಈ ಸಲ ಸದಸ್ಯರು ಯಾರಿಂದಲೂ ಬೆಲೆ ಕೇಳಲಿಲ್ಲ.