ಸತ್ಯಾಂಶ: ಖರ್ಚಿನ ಲೆಕ್ಕ ಹಾಕಿದರೆ ನಿಯಮ ಬಿದ್ದೇ ಹೋಗುತ್ತಾ?

“ಅಮೆರಿಕದಲ್ಲಿ ಹೊಸ ನಿಯಮಕ್ಕೆ ಮೊದಲು ಲಾಭ-ಖರ್ಚಿನ ಲೆಕ್ಕ ಹಾಕ್ತಾರೆ. ಕಂಪನಿಗೆ ಖರ್ಚು ಜಾಸ್ತಿ ಆದರೆ ಜನರ ಆರೋಗ್ಯದ ನಿಯಮ ಅಲ್ಲೇ ಬಿತ್ತು.” ಹೀಗೊಂದು ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಮೊದಲ ಮಾತು ಬಹುಮಟ್ಟಿಗೆ ಸರಿ. ಎರಡನೆಯದು ತಪ್ಪು.

ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದ ಕಾಲ ನೆನಪಿಸಿಕೊಳ್ಳಿ. 1985ರಲ್ಲಿ ಅಲ್ಲಿನ ಪರಿಸರ ಸಂಸ್ಥೆ ಲೆಕ್ಕಕ್ಕೆ ಕೂತಿತು. ಒಂದು ಕಡೆ ತೈಲ ಶುದ್ಧೀಕರಣ ಘಟಕಗಳ ಖರ್ಚು. ಇನ್ನೊಂದು ಕಡೆ, ರಕ್ತದಲ್ಲಿ ಸೀಸ ಸೇರಿದ ಮಕ್ಕಳ ಚಿಕಿತ್ಸೆ, ಅವರ ಓದಿಗೆ ಬೇಕಾಗುವ ವಿಶೇಷ ನೆರವು. ಸ್ಪಾರ್ಕ್ ಪ್ಲಗ್ ಬೇಗ ಹಾಳಾಗದೆ ಉಳಿಯುವ ದುಡ್ಡನ್ನೂ ಬಿಡಲಿಲ್ಲ! ಲಾಭದ ತಕ್ಕಡಿ ಎಷ್ಟು ಕೆಳಗಿಳಿಯಿತೆಂದರೆ, ಗ್ಯಾಲನ್‌ಗೆ 1.1 ಗ್ರಾಂ ಇದ್ದ ಮಿತಿ 1986ರ ಜನವರಿಗೆ 0.1 ಗ್ರಾಂ ಆಯಿತು. ನಿಯಮವನ್ನು ಬಿಗಿ ಮಾಡಿದ್ದೇ ಈ ಲೆಕ್ಕ.

ಈ ಪದ್ಧತಿಯನ್ನು ಗಟ್ಟಿ ಮಾಡಿದ್ದು 1981ರಲ್ಲಿ ಅಧ್ಯಕ್ಷ ರೇಗನ್ ಆದೇಶ. ಲಾಭ ಖರ್ಚನ್ನು ಮೀರಬೇಕು ಎಂದು ಅದು ಹೇಳಿತ್ತು. 1993ರಲ್ಲಿ ಕ್ಲಿಂಟನ್ ಆ ಮಾತನ್ನು ಸಡಿಲಿಸಿದರು: ಲಾಭವು ಖರ್ಚಿಗೆ ತಕ್ಕ ಸಮರ್ಥನೆ ಕೊಟ್ಟರೆ ಸಾಕು. ದುಡ್ಡಿನಲ್ಲಿ ಅಳೆಯಲಾಗದ ಲಾಭವನ್ನೂ ಗಮನಿಸಬೇಕು. ನನಗೆ ಇದು ಬಹಳ ಮುಖ್ಯ ಅನಿಸುತ್ತದೆ, ಮಗುವಿನ ಉಸಿರಿಗೆ ಬೆಲೆಚೀಟಿ ಅಂಟಿಸೋಕಾಗಲ್ಲ ಅಲ್ವಾ?

ಇನ್ನು ಆದೇಶಕ್ಕಿಂತ ಕಾನೂನು ದೊಡ್ಡದು. ದೇಶದ ಗಾಳಿಯ ಗುಣಮಟ್ಟದ ಮಿತಿ ನಿಗದಿ ಮಾಡುವಾಗ ಖರ್ಚನ್ನು ನೋಡುವಂತೆಯೇ ಇಲ್ಲ ಎಂದು 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿದೆ.