ಎಂಜಿನಿಯರಿಂಗ್ ಜೊತೆಗೇ ಎಂಬಿಎ: ಐದು ವರ್ಷದ ಜೋಡಿ ಪದವಿ ಬೇಕಾ?

ಪಿಯುಸಿ ಮುಗಿಸಿ ನೇರವಾಗಿ ಸೇರಿ, ಐದು ವರ್ಷಕ್ಕೆ ಬಿ.ಟೆಕ್ ಮತ್ತು ಎಂಬಿಎ ಎರಡನ್ನೂ ಪಡೆಯುವ ಕೋರ್ಸುಗಳ ಬಗ್ಗೆ ಈಗ ಮನೆಮನೆಯಲ್ಲಿ ಮಾತು ನಡೆದಿದೆ. ಇಬ್ಬರು ಎಂಜಿನಿಯರುಗಳು ಇಲ್ಲಿ ಪರ ಮತ್ತು ವಿರೋಧ ಬರೆದಿದ್ದಾರೆ.

ಪರ: ಲೆಕ್ಕ ಬಾರದ ಎಂಜಿನಿಯರ್ ಅರ್ಧ ಎಂಜಿನಿಯರ್
(ಬರೆದವರು ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಮಷಿನ್ ಶಾಪ್ ನಡೆಸುತ್ತಾರೆ)

ಕಾಸ್ಟಿಂಗ್ ಎಂಬ ಮಾತಿಗೆ ನಮ್ಮ ಉದ್ಯಮಬಾಗದಲ್ಲಿ ಎರಡು ಅರ್ಥ. ಒಂದು, ಫೌಂಡ್ರಿಯಲ್ಲಿ ಎರಕ ಹೊಯ್ದು ತೆಗೆದ ಕಬ್ಬಿಣದ ತುಂಡು. ಇನ್ನೊಂದು, ಆ ತುಂಡು ತಯಾರಾಗಲು ಎಷ್ಟು ಖರ್ಚು ಬಿತ್ತು ಅನ್ನೋ ಲೆಕ್ಕ. ನಾಲ್ಕು ವರ್ಷ ಮೆಕ್ಯಾನಿಕಲ್ ಓದಿ ಹೊರಗೆ ಬಂದಾಗ ನನಗೆ ಮೊದಲನೆಯದು ಚೆನ್ನಾಗಿ ಗೊತ್ತಿತ್ತು. ಎರಡನೆಯದು ಗೊತ್ತಿರಲಿಲ್ಲ. ಅದಕ್ಕೆ ಮೂರು ವರ್ಷ ದಂಡ ಕಟ್ಟಿದೆ.

ಬೇರೆಯವರ ಕಾರ್ಖಾನೆಯಲ್ಲಿ ಐದು ವರ್ಷ ದುಡಿದು, ಸಾಲ ಮಾಡಿ, 14 ಲಕ್ಷ ಕೊಟ್ಟು, ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಒಂದು ಹಳೆಯ ಸಿಎನ್‌ಸಿ ಲೇತ್ ತಂದೆ. ಮೊದಲ ಆರ್ಡರ್ ವಾಲ್ವ್ ಬಾಡಿಯದು. ಎರಕದ ತುಂಡು ಆರ್ಡರ್ ಕೊಟ್ಟ ಪಾರ್ಟಿಯವರೇ ಕೊಡುತ್ತಿದ್ದರು, ಮಷಿನಿಂಗ್ ಮಾತ್ರ ನಮ್ಮದು. ಜಾಬ್ ವರ್ಕ್ ಅಂತೀವಲ್ಲ, ಅದು. ನಾನು ನೋಟ್‌ಬುಕ್ಕಿನಲ್ಲಿ ರೇಟ್ ಬರೆದೆ. ಆಪರೇಟರ್ ಕೂಲಿ ಪೀಸಿಗೆ 24 ರೂಪಾಯಿ, ಲೋಹ ಕತ್ತರಿಸುವ ಇನ್ಸರ್ಟಿಗೆ 9, ಕರೆಂಟಿಗೆ 8. ಒಟ್ಟು 41. ಮೇಲೆ 21 ರೂಪಾಯಿ ಲಾಭ ಇರಲಿ ಅಂತ 62ಕ್ಕೆ ಕೊಟೇಶನ್ ಕೊಟ್ಟೆ. ಪೀಸಿಗೆ 21 ರೂಪಾಯಿ ಉಳಿದರೆ ಯಾರಿಗೆ ಬೇಡ?

ಕೆಲಸ ಚೆನ್ನಾಗಿ ನಡೆಯಿತು. ಬೋರ್, ಅಂದರೆ ಒಳತೂತಿನ ಸೈಜಿನ ವ್ಯತ್ಯಾಸ 20 ಮೈಕ್ರಾನ್ ಒಳಗೇ ಇರುತ್ತಿತ್ತು. ದಿನಕ್ಕೆ 54 ಪೀಸ್. ಪಾರ್ಟಿ ಮತ್ತೆ ಮತ್ತೆ ಆರ್ಡರ್ ಕೊಟ್ಟಿತು. ಆದರೆ ತಿಂಗಳ ಕೊನೆಗೆ ಕೈಯಲ್ಲಿ ದುಡ್ಡು ನಿಲ್ಲುತ್ತಿರಲಿಲ್ಲ. ಪೇಮೆಂಟ್ ತಡ ಆಗ್ತಿದೆ, ಅದಕ್ಕೇ ಹೀಗೆ ಅಂದುಕೊಂಡೆ. ಇನ್ನೂ ಜಾಸ್ತಿ ಪೀಸ್ ಮಾಡಿದರೆ ಸರಿಹೋಗುತ್ತದೆ ಅಂತ ಭಾನುವಾರವೂ ಮಷಿನ್ ಓಡಿಸಿದೆ.

ನನ್ನ ತಂಗಿ ಬಿ.ಕಾಂ ಓದಿದವಳು. ಮೂರನೇ ವರ್ಷದ ದೀಪಾವಳಿಗೆ ತವರಿಗೆ ಬಂದವಳು ಸುಮ್ನೆ ಆ ನೋಟ್‌ಬುಕ್ ತೆಗೆದು ನೋಡಿದಳು. ಹತ್ತು ನಿಮಿಷ ಮಾತಿಲ್ಲ. ಆಮೇಲೆ ಕೇಳಿದಳು: 'ಅಣ್ಣಾ, ಇದರಾಗ ಮಷಿನ್ ಸವಕಳಿ ಎಲ್ಲಿ ಹಿಡಿದೀ?'

ಸವಕಳಿ. ಟೂಲ್ ಎಷ್ಟು ಸವೆದಿದೆ ಅಂತ ಮೈಕ್ರೊಮೀಟರ್ ಹಿಡಿದು ದಿನಾ ಅಳೆಯುತ್ತಿದ್ದೆ. ಅದೇ ಸವಕಳಿಯನ್ನು ರೂಪಾಯಿಯಲ್ಲಿ ಅಳೆಯಬೇಕು ಅಂತ ನನಗೆ ಯಾರೂ ಕಲಿಸಿರಲಿಲ್ಲ. ಅವಳು ಅದೇ ಹಾಳೆಯ ಪಕ್ಕದಲ್ಲಿ ಬರೆಯುತ್ತಾ ಹೋದಳು. 14 ಲಕ್ಷದ ಮಷಿನ್ ಏಳು ವರ್ಷ ಬಾಳಿದರೆ ವರ್ಷಕ್ಕೆ 2 ಲಕ್ಷ, ಅಂದರೆ ಪೀಸಿಗೆ 12 ರೂಪಾಯಿ. ಸಾಲದ ಬಡ್ಡಿ 7. ಶೆಡ್ಡಿನ ಬಾಡಿಗೆ 6. ಎರಕದೊಳಗೆ ಗಾಳಿ ಸೇರಿ ತೂತು (ಬ್ಲೋ ಹೋಲ್) ಬಂದು ರಿಜೆಕ್ಟ್ ಆದ ಪೀಸಿನ ಮೇಲೆ ವ್ಯರ್ಥವಾದ ಕೂಲಿ, ಕರೆಂಟು 4. ಮಷಿನ್ ಸೆಟ್ಟಿಂಗಿಗೆ ಹೋದ ಹೊತ್ತು 3. ಒಟ್ಟು 32 ರೂಪಾಯಿ. ನಾನು ಬರೆದ 41 ಸೇರಿದರೆ 73. ಮಾರುತ್ತಿದ್ದದ್ದು 62ಕ್ಕೆ. ಒಂದೊಂದು ಪೀಸಿಗೆ 11 ರೂಪಾಯಿ ನನ್ನ ಕೈಯಿಂದ ಕೊಡುತ್ತಿದ್ದೆ. ಹೆಚ್ಚು ದುಡಿದಷ್ಟೂ ಹೆಚ್ಚು ನಷ್ಟ. ಮೂರು ವರ್ಷಕ್ಕೆ ಅದು ಐದು ಲಕ್ಷ ದಾಟಿತ್ತು. ಆ ರಾತ್ರಿ ಹೊರಗೆ ಪಟಾಕಿ ಹೊಡೆಯುತ್ತಿದ್ದರು, ನಾನು ಆ ಹಾಳೆಯನ್ನೇ ನೋಡುತ್ತಾ ಕೂತಿದ್ದೆ.

ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಪಾಠ ಇರಲಿಲ್ಲವಾ? ಇತ್ತು. ಐದನೇ ಸೆಮಿಸ್ಟರಿನಲ್ಲಿ ಒಂದು ಪೇಪರ್. ಪರೀಕ್ಷೆಯ ಹಿಂದಿನ ರಾತ್ರಿ ಓದಿ 70 ತೆಗೆದೆವು. ಪ್ಲಾನಿಂಗ್ ಎಂದರೇನು, ಸ್ಟಾಫಿಂಗ್ ಎಂದರೇನು ಅಂತ ಬರೆದು ಬಂದದ್ದಷ್ಟೇ. ಒಂದು ಪೀಸಿನ ಬೆಲೆ ಕಟ್ಟುವುದನ್ನು ಯಾರೂ ಬೋರ್ಡಿನ ಮೇಲೆ ಮಾಡಿ ತೋರಿಸಲಿಲ್ಲ.

ಪೇಮೆಂಟಿನ ಕಥೆಯೂ ಹಾಗೇ. ಸಣ್ಣ ಉದ್ಯಮಕ್ಕೆ 45 ದಿನದ ಒಳಗೆ ದುಡ್ಡು ಕೊಡಬೇಕು, ತಡ ಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು ಅಂತ 2006ರಿಂದಲೇ ಕಾನೂನು ಇದೆ. ನಾನು 110 ದಿನ ಕಾದು, ಚೆಕ್ ಕೊಟ್ಟವರಿಗೆ ಕೈಮುಗಿದು ಬರುತ್ತಿದ್ದೆ.

ಇದಕ್ಕೇ ನಾನು ಜೋಡಿ ಪದವಿಯ ಪರ. ಗ್ವಾಲಿಯರಿನ ಟ್ರಿಪಲ್ ಐಟಿಎಂ, ಪಟಿಯಾಲದ ಥಾಪರ್, ಮುಂಬೈನ ಎನ್‌ಎಂಐಎಂಎಸ್‌ನಂಥ ಕಡೆ ಇಂಥ ಐದು ವರ್ಷದ ಕೋರ್ಸ್ ನಡೆದಿವೆ. ಬಿಇ ನಾಲ್ಕು, ಎಂಬಿಎ ಎರಡು, ಒಟ್ಟು ಆರು ಆಗುವುದು ಐದಕ್ಕೆ ಮುಗಿಯುತ್ತದೆ. ನನಗೆ ಆ ಉಳಿದ ಒಂದು ವರ್ಷ ದೊಡ್ಡದಲ್ಲ. ಒಂದೇ ಹುಡುಗ ಬೆಳಿಗ್ಗೆ ಮಷಿನ್ ಡಿಸೈನ್ ಕಲಿತು ಮಧ್ಯಾಹ್ನ ಕಾಸ್ಟ್ ಅಕೌಂಟಿಂಗ್ ಕಲಿತರೆ ಎರಡೂ ಒಂದೇ ತಲೆಯಲ್ಲಿ ಕೂಡಿಕೊಳ್ಳುತ್ತವೆ. ಅದು ದೊಡ್ಡದು. ಶಾಫ್ಟಿನ ವ್ಯಾಸ ಎರಡು ಮಿಲಿಮೀಟರ್ ಹೆಚ್ಚು ಮಾಡುವಾಗಲೇ ಅದರ ರೂಪಾಯಿಯೂ ಅವನ ಕಣ್ಣಿಗೆ ಕಾಣಬೇಕು.

ವಿಶ್ವೇಶ್ವರಯ್ಯನವರನ್ನು ಅಣೆಕಟ್ಟೆ ಕಟ್ಟಿದವರು ಅಂತ ನೆನೆಯುತ್ತೇವೆ. ಅವರು ದಿವಾನರಾಗಿದ್ದಾಗಲೇ 1913ರಲ್ಲಿ ಮೈಸೂರು ಬ್ಯಾಂಕ್ ಶುರುವಾಯಿತು, 1917ರಲ್ಲಿ ಬೆಂಗಳೂರಿಗೆ ಎಂಜಿನಿಯರಿಂಗ್ ಕಾಲೇಜು ಬಂತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ಒದ್ದಾಡುವಾಗ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕೂತು ಲೆಕ್ಕ ಸರಿಮಾಡಿದವರೂ ಅವರೇ. ಬ್ಯಾಂಕು ಬೇರೆ, ಕುಲುಮೆ ಬೇರೆ ಅಂತ ಅವರು ನೋಡಲೇ ಇಲ್ಲ.

ಮೊದಲು ಕೆಲಸ ಮಾಡಲಿ, ಅನುಭವ ಬರಲಿ, ಆಮೇಲೆ ಎಂಬಿಎ ಓದಲಿ ಅಂತ ಕೆಲವರು ಹೇಳುತ್ತಾರೆ. ಅವರ ಮನೆಯಲ್ಲಿ ತಿಂಗಳ ಸಂಬಳ ನಿಂತರೂ ಒಲೆ ಉರಿಯುತ್ತದೆ, ಅದಕ್ಕೇ ಹಾಗೆ ಹೇಳುತ್ತಾರೆ. ನಮ್ಮಂಥವರ ಮನೆಯಲ್ಲಿ ಸಂಬಳ ಶುರುವಾಯಿತು ಅಂದರೆ ಮುಗಿಯಿತು. ತಂಗಿಯ ಮದುವೆ, ಅಪ್ಪನ ಆಪರೇಷನ್, ಮನೆ ಸಾಲ ಒಂದರ ಹಿಂದೆ ಒಂದು ಬರುತ್ತವೆ. ನಮ್ಮ ಬ್ಯಾಚಿನಲ್ಲಿ ಆಮೇಲೆ ಓದ್ತೀನಿ ಅಂದವರು ಒಂಬತ್ತು ಜನ. ಓದಿದವನು ಒಬ್ಬ.

ಹೋದ ವರ್ಷ ಇಂಥ ಕೋರ್ಸ್ ಮುಗಿಸಿದ ಹುಡುಗನೊಬ್ಬ ನಮ್ಮಲ್ಲಿ ಕೆಲಸಕ್ಕೆ ಸೇರಿದ. ಮೊದಲ ವಾರ ಏನೂ ಮಾತಾಡಲಿಲ್ಲ. ಶನಿವಾರ ಸಂಜೆ ರಿಜೆಕ್ಷನ್ ರಿಜಿಸ್ಟರ್ ಹಿಡಿದು ನನ್ನ ಟೇಬಲ್ಲಿಗೆ ಬಂದ. 'ಸರ್, ಪಂಪ್ ಕವರಿನ ರೇಟ್ ಯಾವಾಗ ಹಾಕಿದ್ದು? ಅದರಲ್ಲಿ ರಿಜೆಕ್ಷನ್ ಶೇ. 2 ಹಿಡಿದಿದೀರಿ, ಇಲ್ಲಿ ಶೇ. 6 ಇದೆ' ಎಂದ. ಸೋಮವಾರವೇ ಪಾರ್ಟಿಗೆ ಹೊಸ ಕೊಟೇಶನ್ ಕಳಿಸಿದೆವು.

ವಿರೋಧ: ಮೊದಲು ಒಂದನ್ನು ಗಟ್ಟಿಯಾಗಿ ಕಲಿಯಲಿ
(ಬರೆದವರು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರು)

ನನಗೆ ವಿರೋಧ ಬರೆಯಲು ಹೇಳಿದ್ದಾರೆ. ಎಂಜಿನಿಯರಿಗೆ ವ್ಯವಹಾರ ಗೊತ್ತಿರಬಾರದು ಅಂತ ನಾನು ಹೇಳುವುದಿಲ್ಲ, ಯಾರೂ ಹೇಳಲಾರರು. ನನ್ನ ತಕರಾರು ವಯಸ್ಸಿನದು. ಹದಿನೆಂಟಕ್ಕೆ ಐದು ವರ್ಷದ ಕರಾರಿಗೆ ಮಕ್ಕಳನ್ನು ಕಟ್ಟಿಹಾಕುವುದು ಸರಿಯಲ್ಲ.

ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಮೊದಲ ವರ್ಷಕ್ಕೆ ಬರುವ ಮಕ್ಕಳಿಗೆ ತಮಗೆ ಏನು ಇಷ್ಟ ಅಂತ ಗೊತ್ತಿರುವುದಿಲ್ಲ. ಅದು ಅವರ ತಪ್ಪಲ್ಲ. ಎರಡು ವರ್ಷ ಪಿಯುಸಿ ಪುಸ್ತಕ ಬಿಟ್ಟು ಬೇರೇನೂ ನೋಡಿರುವುದಿಲ್ಲ. ಮೂರನೇ ವರ್ಷದ ಹೊತ್ತಿಗೆ ಯಾವುದೋ ಒಂದು ವಿಷಯ ಹಿಡಿಸುತ್ತದೆ. ಆಗ ಆಯ್ಕೆ ಕೈಯಲ್ಲಿರಬೇಕು.

ನಮ್ಮ ಬೀದಿಯ ಹುಡುಗಿಯೊಬ್ಬಳು ಹೊರ ರಾಜ್ಯದಲ್ಲಿ ಇಂಥ ಕೋರ್ಸಿಗೆ ಸೇರಿದಳು. ಅವಳ ಅಪ್ಪ ಬ್ಯಾಂಕ್ ಸಾಲದ ಕಾಗದ ಹಿಡಿದುಕೊಂಡು ನನ್ನ ಹತ್ತಿರವೇ ಸಲಹೆ ಕೇಳಲು ಬಂದಿದ್ದರು. ನಾನೂ ಸೇರಿಸಿ ಎಂದಿದ್ದೆ. ಎರಡನೇ ವರ್ಷದ ಬೇಸಿಗೆ ರಜೆಗೆ ಬಂದವಳು ಮನೆಯ ತಾರಸಿ ಮೇಲೆ ಮೆಣಸಿನಕಾಯಿ ಒಣಗಿಸಲು ಒಂದು ಸೋಲಾರ್ ಡ್ರೈಯರ್ ಮಾಡಿದಳು. ಪ್ಲೈವುಡ್ ಪೆಟ್ಟಿಗೆ, ಕಪ್ಪು ಬಣ್ಣ ಬಳಿದ ತಗಡು, ಮೇಲೆ ಗಾಜು. ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ ಹಾಳೆಯಲ್ಲಿ ಬರೆದಿಡುತ್ತಿದ್ದಳು. ಪೆಟ್ಟಿಗೆಯ ಒಳಗೆ ಮೇಲಿನ ತಟ್ಟೆಗೂ ಕೆಳಗಿನ ತಟ್ಟೆಗೂ 9 ಡಿಗ್ರಿ ವ್ಯತ್ಯಾಸ ಯಾಕೆ ಬರುತ್ತದೆ ಅಂತ ನನ್ನನ್ನು ಸಂಜೆಯೆಲ್ಲಾ ಕೇಳಿದಳು. ಅವಳ ಕಣ್ಣಿನಲ್ಲಿದ್ದ ಹೊಳಪು ನನಗೆ ಇನ್ನೂ ನೆನಪಿದೆ. ಶಾಖ ವರ್ಗಾವಣೆಯಲ್ಲೇ ಮುಂದೆ ಓದಬೇಕು ಅಂತಿದ್ದಳು.

ಆದರೆ ನಾಲ್ಕನೇ ವರ್ಷಕ್ಕೆ ಅವಳ ವೇಳಾಪಟ್ಟಿ ತುಂಬಾ ಮಾರ್ಕೆಟಿಂಗ್, ಎಚ್‌ಆರ್, ಫೈನಾನ್ಸ್. ಅವಳು ಬಯಸಿದ್ದ ಐಚ್ಛಿಕ ವಿಷಯಕ್ಕೆ ಜಾಗವೇ ಇರಲಿಲ್ಲ. ಗೇಟ್ ಪ್ರವೇಶ ಪರೀಕ್ಷೆ ಬರೆದು ಎಂ.ಟೆಕ್ ಸೇರಿದ್ದರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಸಿಗುತ್ತಿತ್ತು, ಓದು ಅಪ್ಪನಿಗೆ ಭಾರವಾಗುತ್ತಿರಲಿಲ್ಲ. ಬದಲಿಗೆ ಎಂಬಿಎ ವರ್ಷದ ಫೀಸಿಗೆ ಸಾಲ ಬೆಳೆಯಿತು. ಈಗ ಪುಣೆಯಲ್ಲಿ ಒಂದು ಕಂಪನಿಯ ಸೇಲ್ಸ್ ವಿಭಾಗದಲ್ಲಿದ್ದಾಳೆ. ಸಂಬಳ ಚೆನ್ನಾಗಿದೆ, ಚೆನ್ನಾಗಿಯೇ ಇದ್ದಾಳೆ, ಅದನ್ನು ಮುಚ್ಚಿಡುವುದಿಲ್ಲ. ಡ್ರೈಯರ್ ಈಗಲೂ ಆ ತಾರಸಿಯ ಮೂಲೆಯಲ್ಲಿದೆ. ಗಾಜು ಒಡೆದಿದೆ.

ಈ ಪದವಿಯ ಪರ ಮಾತಾಡುವವರು ವಿಶ್ವೇಶ್ವರಯ್ಯನವರ ಹೆಸರು ತರುತ್ತಾರೆ. ಅವರು ಪುಣೆಯಲ್ಲಿ ಓದಿದ್ದು ಎಂಜಿನಿಯರಿಂಗ್ ಮಾತ್ರ. ನಾರಾಯಣಮೂರ್ತಿಯವರು ಮೈಸೂರಿನ ಎನ್‌ಐಇಯಲ್ಲಿ, ಆಮೇಲೆ ಕಾನ್ಪುರ ಐಐಟಿಯಲ್ಲಿ ಓದಿದವರು. ಎಂಬಿಎ ಮಾಡಲಿಲ್ಲ. ಹಣದ ವ್ಯವಹಾರವನ್ನು ಇವರೆಲ್ಲ ಕೆಲಸ ಮಾಡುತ್ತಾ ಕಲಿತರು. ಕಾರ್ಖಾನೆಯಲ್ಲಿ ನಷ್ಟವಾದವರೆಲ್ಲ ಎಂಬಿಎ ಓದದ್ದಕ್ಕೇ ನಷ್ಟ ಮಾಡಿಕೊಂಡರು ಅನ್ನುವುದಾದರೆ, ಎಂಬಿಎ ಓದಿದವರ ಯಾವ ಕಂಪನಿಯೂ ಮುಚ್ಚಬಾರದಿತ್ತು, ಅಲ್ವಾ?

ಎಂಬಿಎ ತರಗತಿಯಲ್ಲಿ ಕಂಪನಿಗಳ ಕೇಸ್ ಇಟ್ಟು ಚರ್ಚೆ ಮಾಡಿಸುತ್ತಾರೆ. ಒಮ್ಮೆಯೂ ಸಂಬಳ ಎಣಿಸದ, ಕೈಕೆಳಗೆ ಒಬ್ಬರನ್ನೂ ಇಟ್ಟುಕೊಂಡು ಕೆಲಸ ಮಾಡಿಸದ ಹುಡುಗ ಅಲ್ಲಿ ಏನು ಹೇಳಿಯಾನು? ಮುಷ್ಕರ ಅಂದರೆ ಅವನಿಗೆ ಒಂದು ಪದ. ಎರಡು ವರ್ಷ ಶಾಪ್ ಫ್ಲೋರಿನಲ್ಲಿ ನಿಂತವನಿಗೆ ಅದು ಮುಖಗಳು, ಹೆಸರುಗಳು. ಐಐಎಂಗಳೂ ಆಯ್ಕೆಯಲ್ಲಿ ಕೆಲಸದ ಅನುಭವಕ್ಕೆ ಅಂಕ ಕೊಡುತ್ತವೆ.

ವ್ಯವಹಾರ ಕಲಿಯಲೇಬೇಕು ಅನ್ನುವವರಿಗೆ ಬೇರೆ ದಾರಿ ಇದೆ. ಒಟ್ಟೊಟ್ಟಿಗೆ ಎರಡು ಪದವಿ ಓದಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಒಪ್ಪಿಗೆ ಕೊಟ್ಟಿತು. ಬಿಇ ಓದುತ್ತಲೇ ದೂರಶಿಕ್ಷಣದಲ್ಲಿ ಬಿ.ಕಾಂ ಮಾಡಬಹುದು. ಬೇಡ ಅನ್ನಿಸಿದರೆ ನಡುವೆ ಬಿಡಬಹುದು, ಬಿಇಗೆ ಏನೂ ಆಗುವುದಿಲ್ಲ.

ನನ್ನ ತಮ್ಮನ ಮಗ ಈ ವರ್ಷ ಸಿಇಟಿ ಬರೆದಿದ್ದಾನೆ. ಆಪ್ಷನ್ ಎಂಟ್ರಿಗೆ ಮೊದಲು ಫೋನ್ ಮಾಡಿ, 'ದೊಡ್ಡಪ್ಪಾ, ಐದು ವರ್ಷದ್ದು ಹೇಗೆ?' ಎಂದು ಕೇಳಿದ. ನಾಲ್ಕು ವರ್ಷದ್ದೇ ಹಾಕು, ಮಿಕ್ಕಿದ್ದು ಮೂರನೇ ವರ್ಷದಲ್ಲಿ ಮಾತಾಡೋಣ ಎಂದೆ. ಪಕ್ಕದಲ್ಲಿದ್ದ ನನ್ನ ತಮ್ಮನಿಗೆ ಅದು ಅಷ್ಟು ಒಪ್ಪಿಗೆಯಾದಂತಿಲ್ಲ. ಭಾನುವಾರ ಇಬ್ಬರೂ ಮನೆಗೆ ಬರುತ್ತಿದ್ದಾರೆ.